ಇಳಿಯುವಾಗ ಮಾತ್ರ

ಚಾಮುಂಡಿ ಬೆಟ್ಟ ಹತ್ತುವ ವಾಹನಗಳೆಲ್ಲ ಒಂದೇ ಥರ ಕೂಗುತ್ತವೆ. ಎರಡನೇ ಗೇರಿನ ಆರ್ಭಟದಲ್ಲಿ ಹೊಸದು ಹಳೆಯದು, ಬಡವರದು ಬಲ್ಲಿದರದು ಎಂಬ ಭೇದ ಉಳಿಯುವುದಿಲ್ಲ. ಇಳಿಯುವಾಗ ಒಂದೊಂದಕ್ಕೂ ಅದರದೇ ದನಿ ಹುಟ್ಟಿಕೊಳ್ಳುತ್ತದೆ. ಒಂದು ಕಿರ್ರೆನ್ನುತ್ತದೆ, ಇನ್ನೊಂದು ಲೊಟಲೊಟ ಅಲ್ಲಾಡುತ್ತದೆ, ಮತ್ತೊಂದು ತಿರುವಿಗೊಮ್ಮೆ ‘ಟಕ್’ ಎಂದು ಸುಮ್ಮನಾಗುತ್ತದೆ. ನಗರ ಸಾರಿಗೆಯ 201ನೇ ನಂಬರಿನ ಬಸ್ಸು ಇಳಿದು ಬಂತೆಂದು ನಾನು ತಲೆಯೆತ್ತದೆ ಹೇಳಬಲ್ಲೆ. ಇದೇನೂ ದೊಡ್ಡ ವಿದ್ಯೆಯಲ್ಲ. ತಾವರೆಕಟ್ಟೆಯಿಂದ ಈಚೆಗೆ ಮನೆ ಮಾಡಿಕೊಂಡು, ನಿವೃತ್ತಿಯ ಮೇಲೆ ಜಗಲಿಯಲ್ಲಿ ಕುರ್ಚಿ ಹಾಕಿ, ಮಡಿಲಲ್ಲಿ ಪೇಪರು ಹರವಿಕೊಂಡು ತೂಕಡಿಸುವ ಯಾರಿಗಾದರೂ ಇದು ತಾನಾಗಿ ಬರುತ್ತದೆ.

ಮೈಸೂರಿನವರಿಗೆ ವಾಹನಗಳನ್ನು ಕಿವಿಯಿಂದ ಗುರುತು ಹಿಡಿಯುವ ಚಟ ಹಳೆಯದೇ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಮೋಟಾರ್‌ಸೈಕಲ್ ಮಾಡುತ್ತಿದ್ದ ಕಾಲದಲ್ಲಿ ಊರಿನ ಬೀದಿಬೀದಿಯಲ್ಲೂ ಆ ಡುಬುಡುಬು ಓಡಾಡುತ್ತಿತ್ತು. ಬೀದಿಯ ತುದಿಯಲ್ಲಿ ಸದ್ದು ಕೇಳಿದರೆ ಸಾಕು, ಯಾರ ಮನೆಯ ಯಜಮಾನರು ಬಂದರು, ಅವರ ಮನೆಯಲ್ಲಿ ಯಾವ ಮಗ ಓದುವ ಪುಸ್ತಕ ತೆರೆದು ಕೂತ ಎಂದು ಎದುರುಮನೆಯವರು ಹೇಳುತ್ತಿದ್ದರು. ಇಂದಿಗೂ ಈ ಊರಿನಲ್ಲಿ ಆ ಗಾಡಿಗಳನ್ನು ಒರೆಸಿ ಮಿನುಗಿಸಿ ಇಟ್ಟುಕೊಂಡು, ಭಾನುವಾರಕ್ಕೊಮ್ಮೆ ಸ್ಟಾರ್ಟ್ ಮಾಡಿ, ಸದ್ದು ಕೇಳಿಸಿಕೊಂಡು, ಮತ್ತೆ ಆಫ್ ಮಾಡಿ ಒಳಗೆ ಹೋಗುವ ಭಾಗ್ಯವಂತರಿದ್ದಾರೆ.

ನನ್ನ ಭಾವಮೈದನ ಮಿನಿ ಲಾರಿಗೆ ಅಂಥ ಅಭಿಮಾನಿಗಳಿಲ್ಲ. ಅದು ಬಂಡಿಪಾಳ್ಯದ ಎಪಿಎಂಸಿಯಿಂದ ತರಕಾರಿ, ತೆಂಗಿನಕಾಯಿ, ಅಕ್ಕಿಮೂಟೆ ಹೇರಿಕೊಂಡು ಊರಿಗೂ ಬೆಟ್ಟಕ್ಕೂ ತಿರುಗುವ ಗಾಡಿ. ಆಷಾಢ ಬಂತೆಂದರೆ ಅವನಿಗೆ ಸುಗ್ಗಿ. ಆಷಾಢ ಶುಕ್ರವಾರಗಳಲ್ಲಿ ಖಾಸಗಿ ವಾಹನ ಬೆಟ್ಟಕ್ಕೆ ಬಿಡುವುದಿಲ್ಲ, ಭಕ್ತರು ಲಲಿತ ಮಹಲ್ ಹತ್ತಿರದ ಹೆಲಿಪ್ಯಾಡ್ ಮೈದಾನದಿಂದ ಸರ್ಕಾರಿ ಬಸ್ಸಿನಲ್ಲಿ ಹೋಗಬೇಕು ಎನ್ನುವುದು ನಿಮಗೆ ಗೊತ್ತಿದೆ. ಪ್ರಸಾದ ಹಂಚುವ ದಾನಿಗಳ ಸಾಮಾನು ಮಾತ್ರ ಮುನ್ನಾದಿನವೇ ಮೇಲೆ ಹೋಗಬೇಕಲ್ಲ. ಆಷಾಢಕ್ಕೆ ಇನ್ನೂ ಕೆಲವು ವಾರ ಇರುವಾಗ ಒಂದು ಸಂಜೆ ಅವನು ನಮ್ಮ ಜಗಲಿಗೆ ಬಂದು, ಕಾಫಿ ಲೋಟ ಕೆಳಗಿಟ್ಟು, ಗಂಭೀರವಾಗಿ ಹೇಳಿದ:

“ಭಾವ, ಗಾಡಿ ಹತ್ತೋವಾಗ ಸುಮ್ಮನಿರುತ್ತೆ. ಇಳಿಯೋವಾಗ ಮಾತ್ರ, ಅದೂ ಸ್ಲೋ ಮಾಡಿದಾಗ, ಏನೋ ಸದ್ದು. ನಡುಗುತ್ತೆ ಬೇರೆ. ನೀವೊಂದು ಸಲ ಬಂದು ಕೇಳಬೇಕು.”

“ನಾನು ಕೇಳಿ ಏನು ಮಾಡಲೋ? ನನಗೆ ಲಾರಿಯ ಬಗ್ಗೆ ಏನು ಗೊತ್ತು?”

“ಎಂಟನೇ ಕ್ರಾಸ್ ಗಣಪತಿ ಕಚೇರಿಯಲ್ಲಿ ಕೂತು ಪಿಟೀಲಿನ ಶ್ರುತಿ ಕಾಲುಪಾಲು ಇಳಿದಿದೆ ಅಂತ ಪಕ್ಕದವರಿಗೆಲ್ಲ ಹೇಳ್ತೀರಲ್ಲ. ಇದನ್ನೂ ಹೇಳಿ.”

ಒಳಗಿನಿಂದ ನನ್ನಾಕೆಯ ದನಿ ಬಂತು: “ನಮ್ಮನೆ ಮಿಕ್ಸಿ ಯುಗಾದಿಯಿಂದ ಕೂಗ್ತಿದೆ. ಅದು ಈ ವಿದ್ವಾಂಸರ ಕಿವಿಗೆ ಬಿದ್ದಿಲ್ಲ. ಹೋಗಿ, ಲಾರಿಯಾದರೂ ಕೇಳಿಸಲಿ.”

ತವರಿನ ಲಾರಿ, ಗಂಡನ ಕಿವಿ. ಅವಳಿಗೆ ಎರಡರ ಮೇಲೂ ಹಕ್ಕಿದೆ. ಹೊರಟೆ.

ನಾನು ಹೋಗುವಷ್ಟರಲ್ಲಿ ಆ ಸದ್ದಿಗೆ ಊರ ತುಂಬ ವೈದ್ಯರಾಗಿದ್ದರು. ಟೈರಿನ ಅಂಗಡಿಯವನು ಟೈರು ಒಂದು ಕಡೆ ಉಬ್ಬಿದೆ ಎಂದಿದ್ದ. ಕಮಾನ್ ಪಟ್ಟಿ ಕೆಲಸದವನು ಬುಶ್ ಸವೆದಿದೆ ಎಂದಿದ್ದ. ಬ್ರೇಕ್ ಲೈನರ್ ಹಾಕುವವನು ಲೈನರ್ ಮುಗಿದು ರಿವೆಟ್ಟು ಡ್ರಮ್ಮಿಗೆ ಉಜ್ಜುತ್ತಿದೆ ಎಂದು ಗಾಡಿ ನೋಡದೆಯೇ ಫೋನಿನಲ್ಲಿ ತೀರ್ಪು ಕೊಟ್ಟಿದ್ದ. ನಮ್ಮ ಅತ್ತೆಯವರ ಅಭಿಪ್ರಾಯದಲ್ಲಿ ಅದು ದೃಷ್ಟಿ. ಬೆಟ್ಟದ ಮೇಲೆ ಹೊಸ ವಾಹನಗಳಿಗೆ ಪೂಜೆ ಮಾಡಿಸುವ ಸಾಲಿನಲ್ಲಿ ನಮ್ಮ ಹಳೆಯ ಲಾರಿಯನ್ನೂ ನಿಲ್ಲಿಸಿ, ನಾಲ್ಕು ಗಾಲಿಗೂ ನಿಂಬೆಹಣ್ಣಿಟ್ಟು, ಕುಂಕುಮ ಹಚ್ಚಿಸಿ ಇಳಿಸಿದ್ದರು. ನಿಂಬೆಹಣ್ಣು ಹಿಚುಕಿದ್ದು ಸರಿಯಾಗಿಯೇ ಹಿಚುಕಿತಂತೆ. ಮೊದಲ ತಿರುವಿಗೆ ಬರುವಷ್ಟರಲ್ಲಿ ಸದ್ದು ಮತ್ತೆ ಹಾಜರು. ಪಕ್ಕದ ಮನೆಯ ಮೇಷ್ಟರೊಬ್ಬರು ಇನ್ನೂ ಮೂಲಕ್ಕೆ ಹೋಗಿ, ತೊಂದರೆ ಲಾರಿಯದಲ್ಲ, ಬೆಟ್ಟದ್ದು ಎಂದರು. 2021ರ ಅಕ್ಟೋಬರ್ ಮಳೆಗೆ ನಂದಿಗೆ ಹೋಗುವ ರಸ್ತೆ ಕುಸಿದದ್ದನ್ನು ನೋಡಿದಂದಿನಿಂದ ಅವರಿಗೆ ಬೆಟ್ಟದ ಮೇಲೆ ಏನು ನಡುಗಿದರೂ ಭೂಮಿಯದೇ ಅನುಮಾನ.

ಇವರಲ್ಲಿ ಯಾರನ್ನೂ ಸುಳ್ಳುಗಾರರೆನ್ನಲಾರೆ. ಅವರವರ ಅಂಗಡಿಯಲ್ಲಿ ಏನಿದೆಯೋ ಅದು ಅವರವರಿಗೆ ಕೇಳಿಸುತ್ತದೆ. ನಾನು ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದಾಗ ಹುಡುಗರು ಯಾವ ಪ್ರಶ್ನೆ ಕೇಳಿದರೂ ಅದು ನಾನು ಓದಿಕೊಂಡು ಬಂದ ಅಧ್ಯಾಯದ ಪ್ರಶ್ನೆಯೇ ಎಂದು ನನಗೆ ಅನ್ನಿಸುತ್ತಿತ್ತು.

ಅಂತೂ ಲಾರಿಯ ಮುಂದಿನ ಸೀಟಿನಲ್ಲಿ ಕೂತೆ. ಸ್ಟಿಯರಿಂಗ್ ಹಿಂದೆ ಭಾವಮೈದ, ನನ್ನ ಪಕ್ಕ ಕಿಟಕಿಗೆ ಅಂಟಿಕೊಂಡು ಕ್ಲೀನರ್ ಹುಡುಗ. ಲಲಿತ ಮಹಲಿನ ಬೆಳ್ಳಗಿನ ಗುಮ್ಮಟ ಹಿಂದಾಯಿತು, ತಾವರೆಕಟ್ಟೆ ಹಿಂದಾಯಿತು. 1921ರಲ್ಲಿ ವೈಸರಾಯ್ ಅತಿಥಿಯಾಗಿ ಬಂದರೆ ಇಳಿದುಕೊಳ್ಳಲೆಂದು ಕಟ್ಟಲು ಹೊರಟ ಆ ಅರಮನೆಯ ಮುಂದೆ ಹಾದುಹೋದ ಗಣ್ಯರ ಮೋಟಾರುಗಳಿಗೂ ಬೆಟ್ಟ ಇಳಿಯುವಾಗ ಏನಾದರೂ ಸದ್ದು ಬರುತ್ತಿತ್ತೇ, ಬಂದರೆ ಅದನ್ನು ದೊರೆಗಳ ಮುಂದೆ ಹೇಳುವ ಧೈರ್ಯ ಯಾವ ಚಾಲಕನಿಗಿತ್ತು ಎಂದು ಯೋಚಿಸುತ್ತಿದ್ದೆ. ಹತ್ತುವಾಗ ಲಾರಿ ನಿಜಕ್ಕೂ ಸಂಭಾವಿತನ ಹಾಗಿತ್ತು. ಉತ್ತನಹಳ್ಳಿಗೆ ಕವಲೊಡೆಯುವ ಕಡೆ ಒಂದಿಷ್ಟು ಉಸಿರೆಳೆದುಕೊಂಡದ್ದು ಬಿಟ್ಟರೆ ದೂರಲು ಏನೂ ಇಲ್ಲ.

ಇಳಿಯಲು ಶುರು ಮಾಡಿದೆವು. ಮೊದಲ ದೊಡ್ಡ ತಿರುವಿನ ಮುಂಚೆ ಭಾವಮೈದ ಆಕ್ಸಿಲರೇಟರಿನಿಂದ ಕಾಲು ತೆಗೆದ.

“ಕೇಳಿಸ್ತಾ?” ಎಂದ ಅವನು.

“ಗುಂ ಅಂತಿದೆ” ಎಂದೆ ನಾನು.

“ಗುಂ ಎಲ್ಲಿ ಸಾರ್, ಕಿರ್ ಅಂತಿದೆ” ಎಂದ ಹುಡುಗ.

“ಇಬ್ಬರಿಗೂ ಕಿವಿ ಇಲ್ಲ. ದಡದಡ ಅನ್ನುತ್ತೆ” ಎಂದ ಗಾಡಿಯ ಒಡೆಯ.

ಇಲ್ಲಿ ಒಂದು ಸಂಗತಿ ಹೇಳಿಬಿಡುತ್ತೇನೆ. ನಮ್ಮೂರಿನಲ್ಲಿ, ಮಾನಸಗಂಗೋತ್ರಿಯಲ್ಲಿ, ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ಇದೆ. ದೇಶದ ಮೂಲೆಮೂಲೆಯಿಂದ ಜನ ಕಿವಿ ತೋರಿಸಿಕೊಳ್ಳಲು ಅಲ್ಲಿಗೆ ಬರುತ್ತಾರೆ. ವಯಸ್ಸಾದಂತೆ ಮನುಷ್ಯನ ಕಿವಿ ಮೊದಲು ಕಳೆದುಕೊಳ್ಳುವುದು ಎತ್ತರದ ಸ್ಥಾಯಿಯ ಸದ್ದುಗಳನ್ನು. ತಗ್ಗಿನ ಗುಂಗುಡು ಬಹುಕಾಲ ಉಳಿಯುತ್ತದೆ. ಹಾಗಾಗಿ ಅರವತ್ತು ದಾಟಿದ ನನಗೆ ಗುಂ, ಹದಿನೆಂಟರ ಹುಡುಗನಿಗೆ ಕಿರ್. ಇಬ್ಬರೂ ಸತ್ಯವಂತರೇ. ಭಾವಮೈದನದು ಇನ್ನೊಂದು ಕಥೆ. ಅವನ ಬಲಗಿವಿ ಇಪ್ಪತ್ತು ವರ್ಷದಿಂದ ಕಿಟಕಿಯ ಗಾಳಿಗೂ ಎದುರು ಲಾರಿಗಳ ಹಾರನ್ನಿಗೂ ಒಪ್ಪಿಸಿಬಿಟ್ಟ ಕಿವಿ. ಅವನು ಸದ್ದನ್ನು ಕೇಳುವುದಕ್ಕಿಂತ ಬೆನ್ನಿನಿಂದ ಅನುಭವಿಸುವುದೇ ಹೆಚ್ಚು, ಆದ್ದರಿಂದ ದಡದಡ. ಪಿಟೀಲಿನ ಶ್ರುತಿಯ ಬಗ್ಗೆ ಇನ್ನು ಮುಂದೆ ಸ್ವಲ್ಪ ಮೆಲ್ಲಗೆ ಮಾತಾಡುವುದು ಕ್ಷೇಮ ಎಂದು ಆಗಲೇ ತೀರ್ಮಾನಿಸಿದೆ.

ಮೊದಲು ಹುಡುಗ ಸೀಟಿನ ಹಿಂದೆ ಕೈಹಾಕಿ ಜ್ಯಾಕ್ ರಾಡು, ಎರಡು ನೀರಿನ ಬಾಟಲಿ, ಹಿಂದಿನ ದಸರಾದ ಆಯುಧಪೂಜೆಯಲ್ಲಿ ಒಡೆಯದೆ ಉಳಿದಿದ್ದ ಒಂದು ತೆಂಗಿನಕಾಯಿ, ನಾದವಿಲ್ಲದ ಒಂದು ಹಿತ್ತಾಳೆ ಗಂಟೆ ಎಲ್ಲ ಹೊರತೆಗೆದ. ರಸ್ತೆ ಬದಿಯಲ್ಲಿ ಗಾಡಿ ನಿಲ್ಲಿಸಿ ಎಲ್ಲವನ್ನೂ ಗೋಣಿಯಲ್ಲಿ ಸುತ್ತಿ ಬಿಗಿದೆವು. ಗಲಗಲ ಹೋಯಿತು. ಗುಂ, ಕಿರ್, ದಡದಡ ಮೂರೂ ಇದ್ದಲ್ಲೇ ಇದ್ದವು. ಗಲಾಟೆ ಕಡಿಮೆಯಾಗಿದ್ದರಿಂದ ಇನ್ನೂ ಚೆನ್ನಾಗಿ ಕೇಳತೊಡಗಿದವು.

ಕೊನೆಗೆ ಬನ್ನಿಮಂಟಪದ ಕಡೆಯ ಒಬ್ಬ ಹಳೆಯ ಮೇಸ್ತ್ರಿಯ ಹತ್ತಿರ ಹೋದೆವು. ಎಣ್ಣೆ ಕುಡಿದು ಕಪ್ಪಾದ ನೆಲ, ಗೋಡೆಗೆ ತೂಗುಹಾಕಿದ ಸ್ಪ್ಯಾನರುಗಳು, ಒಂದು ಸ್ಟೂಲು. ಸ್ಟೂಲಿನ ಮೇಲೆ ಮೇಸ್ತ್ರಿ ಕೂತು ಟೀ ಕುಡಿಯುತ್ತಿದ್ದರು. ಸದ್ದು ಹೇಗಿದೆ ಎಂದು ನಾವು ಮೂವರೂ ಒಟ್ಟಿಗೆ ಬಾಯಲ್ಲಿ ಮಾಡಿ ತೋರಿಸಿದೆವು. ದಾರಿಯಲ್ಲಿ ಹೋಗುತ್ತಿದ್ದವರು ನಿಂತು ನೋಡಿದರು. ಮೇಸ್ತ್ರಿ ಕೈಯೆತ್ತಿ ನಿಲ್ಲಿಸಿದರು.

“ಹೇಗೆ ಅಂತ ಬೇಡ ಸಾರ್. ಯಾವಾಗ ಅಂತ ಹೇಳಿ.”

“ಇಳಿಯುವಾಗ.”

“ಇಳಿಯೋವಾಗ ಬ್ರೇಕ್ ಹಿಡಿದ್ರೋ, ಬರೀ ಕಾಲು ತೆಗೆದ್ರೋ?”

ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

“ನಡುಕ ಎಲ್ಲಿ ಬಂತು? ಕೈಯಲ್ಲೋ, ಕಾಲಲ್ಲೋ, ಕೂತಲ್ಲೋ?”

ಸ್ಟಿಯರಿಂಗ್ ಹಿಡಿದ ಕೈಗೆ ಬಂದರೆ ಮುಂದಿನ ಗಾಲಿಯ ದೋಷ, ಬ್ರೇಕ್ ತುಳಿದ ಕಾಲಿಗೆ ಬಂದರೆ ಡ್ರಮ್ಮು, ಸೀಟಿಗೆ ಬಂದರೆ ಹಿಂದಿನದು ಅಥವಾ ನಡುವಿನ ಶಾಫ್ಟು. ಸಾಮಾನ್ಯವಾಗಿ ಹಾಗೆ, ಎಂದರು ಅವರು. ನನಗೆ ಕೂತಲ್ಲಿ ಬಂದಿತ್ತು. ಆದರೆ ನನಗೆ ಕೈಗೂ ಕಾಲಿಗೂ ಹಿಡಿದುಕೊಳ್ಳಲು ಏನೂ ಕೊಟ್ಟಿರಲಿಲ್ಲವಾದ್ದರಿಂದ ಆ ಸಾಕ್ಷ್ಯವನ್ನು ಅವರು ಅಷ್ಟಾಗಿ ಲೆಕ್ಕಕ್ಕೆ ಹಿಡಿಯಲಿಲ್ಲ.

“ಎಣಿಸೋಕಾಗುತ್ತಾ?” ಎಂದರು ಆಮೇಲೆ.

ಇದು ನನಗೆ ತುಂಬ ಹಿಡಿಸಿದ ಪ್ರಶ್ನೆ. ಮನೆಗೆ ಬಂದು ಪೇಪರಿನ ಅಂಚಿನಲ್ಲಿ ಲೆಕ್ಕ ಹಾಕಿ ನೋಡಿದೆ. ಇಂಥ ಲಾರಿಯ ಗಾಲಿ ಒಂದು ಸುತ್ತಿಗೆ ಸುಮಾರು ಎರಡೂವರೆ ಮೀಟರು ದಾಟುತ್ತದೆ. ಗಂಟೆಗೆ 30 ಕಿ.ಮೀ. ವೇಗವೆಂದರೆ ಸೆಕೆಂಡಿಗೆ ಎಂಟು ಮೀಟರಿಗೆ ಸ್ವಲ್ಪ ಮೇಲೆ. ಅಂದರೆ ಗಾಲಿ ಸೆಕೆಂಡಿಗೆ ಮೂರು ಚಿಲ್ಲರೆ ಸುತ್ತು. ದಡ್, ದಡ್, ದಡ್ ಎಂದು ಬೆರಳು ಮಡಚಿ ಎಣಿಸಬಹುದು. ಎಂಜಿನ್ನಿನಿಂದ ಹಿಂದಿನ ಅಚ್ಚಿಗೆ ಹೋಗುವ ಪ್ರೊಪೆಲ್ಲರ್ ಶಾಫ್ಟು ಗಾಲಿಗಿಂತ ನಾಲ್ಕೈದು ಪಟ್ಟು ಜೋರಾಗಿ ತಿರುಗುತ್ತದೆ. ಅದನ್ನು ಎಣಿಸಲು ಹೊರಟವನಿಗೆ ಸಿಗುವುದು ಒಂದೇ ಗುಂಯ್ ಎನ್ನುವ ಗುಂಗುಡು. ಎಣಿಸಲು ಬಂದರೆ ಗಾಲಿ, ಬಾರದಿದ್ದರೆ ಶಾಫ್ಟು. ಮೇಸ್ತ್ರಿ ಈ ಗುಣಾಕಾರ ಮಾಡಿದವರಲ್ಲ, ಮಾಡುವ ಅಗತ್ಯವೂ ಅವರಿಗಿರಲಿಲ್ಲ.

ಸದ್ದನ್ನು ಹುಡುಕುವುದು ಅಂದರೆ ಕಿವಿ ಚೂಪು ಮಾಡುವುದು ಎಂದು ನಾನು ತಿಳಿದಿದ್ದೆ. ಮೇಸ್ತ್ರಿ ಮಾಡಿದ್ದು ಒಂದೊಂದನ್ನೇ ಕಳೆಯುತ್ತ ಹೋಗುವುದು. ಅವರೇ ಸ್ಟಿಯರಿಂಗ್ ಹಿಡಿದು ಮೊದಲು ಮಟ್ಟಸವಾದ ರಿಂಗ್ ರೋಡಿಗೆ ಹೊರಟರು. ವೇಗ ಹಿಡಿದು, ಬ್ರೇಕ್ ಮುಟ್ಟದೆ ಬರೀ ಆಕ್ಸಿಲರೇಟರ್ ಬಿಟ್ಟರು: ‘ಟಕ್’, ಹಿಂದೆಯೇ ಗುಂಗುಡು. ಮತ್ತೆ ವೇಗ ಹಿಡಿದು, ಆಕ್ಸಿಲರೇಟರ್ ಬಿಟ್ಟು ಕ್ಲಚ್ ತುಳಿದರು: ಗುಂಗುಡು ಮಾಯ. ಮೂರನೆಯದಾಗಿ, ಕ್ಲಚ್ ತುಳಿದೇ ಹಗುರವಾಗಿ ಬ್ರೇಕ್ ಹಿಡಿದರು: ಏನೂ ಇಲ್ಲ. ಹಿಂದೆ ಯಾವ ವಾಹನವೂ ಇಲ್ಲದ ಕಡೆ ಹ್ಯಾಂಡ್ ಬ್ರೇಕನ್ನು ಮೆತ್ತಗೆ ಎಳೆದು ಬಿಟ್ಟು ನೋಡಿದರು: ಏನೂ ಇಲ್ಲ. ಒಂದೇ ಸದ್ದಿನ ಮೇಲೆ ಇಷ್ಟು ಜನ ಜಗಳವಾಡಿದ್ದೆವಲ್ಲ, ಅವರು ಜಗಳವನ್ನೇ ಆಡದೆ ಒಬ್ಬೊಬ್ಬ ಆರೋಪಿಯನ್ನೂ ಮನೆಗೆ ಕಳಿಸುತ್ತ ಬಂದರು.

“ಬ್ರೇಕಲ್ಲ ಅಲ್ವಾ ಹಾಗಾದ್ರೆ?” ಎಂದು ಭಾವಮೈದ ಉತ್ಸಾಹದಿಂದ ಕೇಳಿದ.

“ಬ್ರೇಕ್ ಇನ್ನೂ ತಣ್ಣಗಿದೆ. ಬೆಟ್ಟಕ್ಕೆ ನಡೀರಿ” ಎಂದರು ಮೇಸ್ತ್ರಿ.

ಬೆಟ್ಟದ ಇಳಿಜಾರಿನಲ್ಲಿ ಬ್ರೇಕು ಎಷ್ಟು ಕಾಯುತ್ತದೆ ಎನ್ನುವುದು ಇಳಿಯುವವರಿಗೆ ಗೊತ್ತಾಗುವುದಿಲ್ಲ. ನನ್ನಂಥ ಜಗಲಿಯವರಿಗೆ ಮೂಗಿನಿಂದ ಗೊತ್ತಾಗುತ್ತದೆ. ರಜೆಯ ದಿನ ಸಂಜೆ ಹೊರಊರಿನ ಗಾಡಿಗಳು ಸಾಲಾಗಿ ಇಳಿಯುವಾಗ ಸುಟ್ಟ ಲೈನರಿನ ವಾಸನೆ ನಮ್ಮ ಮಲ್ಲಿಗೆ ಚಪ್ಪರವನ್ನೂ ಮೀರಿ ಬರುತ್ತದೆ. ನಾಲ್ಕು ಟನ್ ತೂಗುವ ಗಾಡಿ ಕಾಲು ಕಿಲೋಮೀಟರು ಎತ್ತರದಿಂದ ಇಳಿಯಿತೆಂದರೆ ಸುಮಾರು ಒಂದು ಕೋಟಿ ಜೂಲಿನಷ್ಟು ಶಕ್ತಿ ಎಲ್ಲಿಗಾದರೂ ಹೋಗಲೇಬೇಕು. ಚಾಲಕ ಜಾಣನಾಗಿ ಗೇರಿನಲ್ಲಿಳಿಸಿದರೆ ಬಹುಪಾಲು ಎಂಜಿನ್ನು ನುಂಗಿಕೊಳ್ಳುತ್ತದೆ. ಡೀಸೆಲ್ ಉಳಿಸುತ್ತೇನೆಂದು ನ್ಯೂಟ್ರಲ್ ಮಾಡಿ ಬಿಟ್ಟರೆ ಅಷ್ಟೂ ಬ್ರೇಕಿನ ಪಾಲು. ಆ ಬಿಸಿಯಲ್ಲಿ ಮೂವತ್ತು ಲೀಟರು ತಣ್ಣೀರನ್ನು ಕುದಿಸಬಹುದು. ಮನೆಮಂದಿಯೆಲ್ಲ ಎರೆದುಕೊಳ್ಳುವಷ್ಟು ನೀರು! ಹತ್ತಿದ ಗೇರಿನಲ್ಲೇ ಇಳಿ ಎಂದು ಹಳೆಯ ಚಾಲಕರು ಹೇಳುವುದು ಇದಕ್ಕೇ. ನಮ್ಮವನು ನ್ಯೂಟ್ರಲ್ ಮಾಡುವವನಲ್ಲ, ಆದರೆ ಮೇಲಿನ ಗೇರಿನಲ್ಲಿ ಉಲ್ಲಾಸವಾಗಿ ಇಳಿಯುವವನು.

ಬೆಟ್ಟ ಹತ್ತಿ ಇಳಿಯತೊಡಗಿದೆವು. ಮೊದಲ ತಿರುವು, ಎರಡನೆಯದು, ಮುಂದಿನದು. ನಂದಿಯ ಕಡೆಯ ದಾರಿ ದಾಟಿದ ಮೇಲೆ ಮೇಸ್ತ್ರಿ ಬ್ರೇಕಿನ ಮೇಲಿದ್ದ ತಮ್ಮ ಕಾಲನ್ನು ಕಣ್ಣಲ್ಲೇ ತೋರಿಸಿದರು. ಪಾದ ಮೇಲೆ ಕೆಳಗೆ ಕುಣಿಯುತ್ತಿತ್ತು. ಡ್ರಮ್ಮು ಕಾದಾಗ ತನ್ನ ನಿಜರೂಪ ತೋರಿಸುತ್ತದೆ. ದುಂಡಗಿರಬೇಕಾದದ್ದು ಸವೆದು ಕಾದು ನಾನು ಲಟ್ಟಿಸಿದ ಚಪಾತಿಯ ಆಕಾರಕ್ಕೆ ಬಂದಿದ್ದರೆ, ಸುತ್ತಿಗೊಂದು ಸಲ ಲೈನರನ್ನು ಒದೆಯುತ್ತದೆ, ಆ ಒದೆತ ಎಣ್ಣೆಯ ಮೂಲಕ ಪೆಡಲಿಗೆ ಬಂದು ಕಾಲನ್ನು ಕುಣಿಸುತ್ತದೆ. ಭಾವಮೈದನ ದಡದಡ ಅದು. ಎಣಿಸಲು ಬಂತು.

ಹಾಗಾದರೆ ನನ್ನ ಗುಂ? ಅದು ಬೇರೆಯದೇ ಕಾಯಿಲೆ. ಒಂದು ಗಾಡಿಗೆ ಒಂದೇ ರೋಗ ಇರಬೇಕೆಂಬ ನಮ್ಮ ಹಟದಲ್ಲಿ ಇದು ಯಾರಿಗೂ ಹೊಳೆದಿರಲಿಲ್ಲ.

ಶೆಡ್ಡಿನಲ್ಲಿ ಗಾಡಿಯನ್ನು ಜ್ಯಾಕಿನ ಮೇಲೆತ್ತಿ, ಕೆಳಗೆ ಮರದ ತುಂಡು ಕೊಟ್ಟು, ಮೇಸ್ತ್ರಿ ಮುಂದಿನ ಗಾಲಿಗಳನ್ನು ಮೇಲೂ ಕೆಳಗೂ ಹಿಡಿದು ಅಲ್ಲಾಡಿಸಿ ನೋಡಿದರು. ಆಮೇಲೆ ಗಾಲಿ ತಿರುಗಿಸುತ್ತ, ಉದ್ದನೆಯ ಸ್ಕ್ರೂಡ್ರೈವರಿನ ಮೊನೆಯನ್ನು ಹಬ್ಬಿಗೆ ಒತ್ತಿ, ಹಿಡಿಯನ್ನು ಕಿವಿಗಿಟ್ಟು, ಕಣ್ಣು ಮುಚ್ಚಿದರು. 1816ರಲ್ಲಿ ಪ್ಯಾರಿಸ್ಸಿನ ಲೆನೆಕ್ ಎಂಬ ವೈದ್ಯ ರೋಗಿಯ ಎದೆಗೆ ನೇರವಾಗಿ ಕಿವಿಯಿಡಲು ಸಂಕೋಚಪಟ್ಟು ಕಾಗದ ಸುರುಳಿ ಸುತ್ತಿ ಕೇಳಿದನಂತೆ, ಸ್ಟೆತಾಸ್ಕೋಪು ಹುಟ್ಟಿದ್ದು ಹಾಗೆ. ಮೇಸ್ತ್ರಿಯದು ಸಂಕೋಚವಲ್ಲ, ಎಣ್ಣೆ ಕಿವಿಗೆ ಮೆತ್ತಿಕೊಳ್ಳಬಾರದು ಅಷ್ಟೆ. ಬೇರಿಂಗು ಚೆನ್ನಾಗಿದೆ ಎಂದು ತಲೆಯಾಡಿಸಿ, ಹಲಗೆಯ ಮೇಲೆ ಮಲಗಿ ಗಾಡಿಯ ಕೆಳಗೆ ಜಾರಿದರು. ಭಾವಮೈದ ಜಾರಿದ. ಹುಡುಗ ಜಾರಿದ. ನನ್ನ ಹೊಟ್ಟೆ ಒಪ್ಪಲಿಲ್ಲವಾದ್ದರಿಂದ ನಾನು ನೆಲಕ್ಕೆ ಕೆನ್ನೆಯಿಟ್ಟು ಹೊರಗಿನಿಂದಲೇ ದರ್ಶನ ಪಡೆದೆ.

ಪ್ರೊಪೆಲ್ಲರ್ ಶಾಫ್ಟನ್ನು ಮೇಸ್ತ್ರಿ ಎರಡು ಕೈಯಿಂದ ಹಿಂದಕ್ಕೂ ಮುಂದಕ್ಕೂ ತಿರುವಿದರು. ಟಕ್. ಟಕ್. ಅದೇ! ಶಾಫ್ಟಿನ ಕೀಲಿನಲ್ಲಿರುವ ಕ್ರಾಸಿನ ಸೂಜಿಬೇರಿಂಗು ಸವೆದು ಸಡಿಲವಾಗಿತ್ತು. ಉದ್ದ ಚಾಸಿಯ ಗಾಡಿಯಾದ್ದರಿಂದ ಶಾಫ್ಟು ಎರಡು ತುಂಡು. ನಡುವೆ ಅದನ್ನು ತೂಗಿಹಿಡಿಯುವ ಸೆಂಟರ್ ಬೇರಿಂಗಿನ ರಬ್ಬರು ಸೀಳಿ ಬಾಯಿಬಿಟ್ಟಿತ್ತು.

“ಹತ್ತುವಾಗ ಯಾಕೆ ಸುಮ್ಮನಿರುತ್ತೆ?” ಎಂದು ಕೇಳಿದೆ, ಕೆನ್ನೆ ಒರೆಸಿಕೊಳ್ಳುತ್ತ.

“ಹತ್ತೋವಾಗ ಎಂಜಿನ್ನು ಗಾಲೀನ ನೂಕುತ್ತೆ ಸಾರ್. ಇಳಿಯೋವಾಗ ಗಾಲಿ ಎಂಜಿನ್ನ ನೂಕುತ್ತೆ.”

ನಾನು ಜೀವಮಾನವಿಡೀ ನಿಧಾನಿಸುವುದೆಂದರೆ ಓಟ ಕಡಿಮೆಯಾಗುವುದು ಎಂದು ಮಾತ್ರ ತಿಳಿದಿದ್ದೆ. ಗಾಡಿಯ ಮಟ್ಟಿಗೆ ಅದು ಒತ್ತಡ ದಿಕ್ಕು ಬದಲಿಸುವುದು. ಒಂದೇ ಕಡೆಗೆ ಒತ್ತಿ ಹಿಡಿದಿದ್ದಾಗ ಎಷ್ಟೇ ಸಡಿಲವಿದ್ದರೂ ಅಂಟಿಕೊಂಡು ಕೂತಿರುತ್ತದೆ. ಒತ್ತು ತಿರುಗಿದ ಗಳಿಗೆಯಲ್ಲಿ ಅಷ್ಟೂ ಸಡಿಲ ಒಮ್ಮೆಲೇ ಈ ಬದಿಯಿಂದ ಆ ಬದಿಗೆ ಬೀಳುತ್ತದೆ, ಅದೇ ಟಕ್. ಹಿಂದಿನ ಹೌಸಿಂಗಿನೊಳಗಿನ ಕ್ರೌನ್ ಪಿನಿಯನ್ನಿನ ಹಲ್ಲಿಗೂ ಎರಡು ಮುಖ. ಎಳೆಯುವಾಗ ಒಂದು ಮುಖ ಕಚ್ಚುತ್ತದೆ, ಕಾಲು ತೆಗೆದಾಗ ಇನ್ನೊಂದು. ಆದ್ದರಿಂದಲೇ ಎಳೆಯುವಾಗ ಕೂಗಿದರೆ ಒಂದು ಬಗೆಯ ದೋಷ, ಬಿಟ್ಟಾಗ ಕೂಗಿದರೆ ಬೇರೊಂದು ಬಗೆಯದು. ಬಿಟ್ಟಾಗಿನ ಕೂಗಿಗೆ ಪಿನಿಯನ್ ಬೇರಿಂಗು ಸಡಿಲವಾಗಿದೆಯೇ ಎಂದು ಮೊದಲು ನೋಡಬೇಕಂತೆ. ನಮ್ಮದರಲ್ಲಿ ಅದು ಬಿಗಿಯಾಗಿಯೇ ಇತ್ತು. ಖರ್ಚು ಅಷ್ಟಕ್ಕೆ ನಿಂತಿತು. ಅಚ್ಚು, ಹೌಸಿಂಗುಗಳ ಬಗ್ಗೆ ಮೇಸ್ತ್ರಿ ಮಾತಾಡುವಾಗ ಅವರ ದನಿಯಲ್ಲಿ ಒಂದು ಊರಭಿಮಾನವಿತ್ತು. ಹೂಟಗಳ್ಳಿಯ ಆಟೋಮೋಟಿವ್ ಆಕ್ಸಲ್ಸ್ 1981ರಲ್ಲಿ ಶುರುವಾಗಿ ಲಾರಿಗಳ ಅಚ್ಚನ್ನೂ ಬ್ರೇಕನ್ನೂ ಮಾಡುತ್ತ ಬಂದಿದೆ. ದೇಶದ ಎಷ್ಟೋ ಲಾರಿಗಳು ಮೈಸೂರಿನ ಅಚ್ಚಿನ ಮೇಲೆ ಓಡಿ ಮೈಸೂರಿನ ಬ್ರೇಕಿನಿಂದ ನಿಲ್ಲುತ್ತವೆ. ನಾವು ಮಾತ್ರ ಊರಿನ ಹೆಸರು ಬಂದರೆ ಪಾಕು, ಮಲ್ಲಿಗೆ, ವೀಳ್ಯದೆಲೆ ಎಂದು ಹೇಳಿ ಸುಮ್ಮನಾಗುತ್ತೇವೆ.

ಕ್ರಾಸಿನ ವಿಷಯಕ್ಕೆ ಬಂದರೆ ಇನ್ನೊಂದು ಮಾತು ಹೇಳದೆ ಮುಂದೆ ಹೋಗಲಾರೆ. ಓರೆಯಾಗಿರುವ ಎರಡು ಶಾಫ್ಟುಗಳನ್ನು ಸೇರಿಸಿ ತಿರುಗಿಸುವ ಈ ಕೀಲಿಗೆ ಹುಕ್‌ನ ಕೀಲು ಎಂದೂ ಹೆಸರಿದೆ. ರಾಬರ್ಟ್ ಹುಕ್ 17ನೆಯ ಶತಮಾನದ ಇಂಗ್ಲಿಷ್ ವಿಜ್ಞಾನಿ. ಶಾಲೆಯಲ್ಲಿ ಬೂಚಿನ ಚೂರನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ‘ಸೆಲ್’ ಎಂದು ಹೆಸರಿಟ್ಟವನು ಎಂದು ಬಾಯಿಪಾಠ ಮಾಡಿದ್ದೆವಲ್ಲ, ಆತನೇ. ಸ್ಪ್ರಿಂಗಿಗೆ ಭಾರ ಹಾಕಿದಷ್ಟೂ ಅದೇ ಪ್ರಮಾಣದಲ್ಲಿ ಬಾಗುತ್ತದೆ ಎಂಬ ನಿಯಮವೂ ಆತನದೇ. ಲಾರಿಯ ಕೆಳಗೆ ನೋಡಿದರೆ ಕಮಾನ್ ಪಟ್ಟಿಯಲ್ಲಿ ಆತನ ನಿಯಮ, ಶಾಫ್ಟಿನಲ್ಲಿ ಆತನ ಕೀಲು. ಆತನ ಸೂಕ್ಷ್ಮದರ್ಶಕದ ಪುಸ್ತಕ ಲಂಡನ್ನಿನಲ್ಲಿ ಹೊರಬಂದದ್ದು 1665ರಲ್ಲಿ. ಆಗ ಮೈಸೂರನ್ನಾಳುತ್ತಿದ್ದವರು ದೊಡ್ಡದೇವರಾಜ ಒಡೆಯರು. ಬೆಟ್ಟಕ್ಕೆ ಸಾವಿರ ಮೆಟ್ಟಿಲು ಕಟ್ಟಿಸಿದವರು, ನಂದಿಯನ್ನು ಕಡೆಸಿದವರು ಅವರೇ ಎನ್ನುತ್ತಾರೆ. ಅಲ್ಲಿ ಒಬ್ಬ ಕೀಲಿಗೆ ತಲೆ ಕೆಡಿಸಿಕೊಳ್ಳುತ್ತಿದ್ದಾಗ ಇಲ್ಲಿ ಒಬ್ಬರು ಕೀಲೇ ಬೇಡದ ದಾರಿ ಮಾಡಿಸುತ್ತಿದ್ದರು. ಮೆಟ್ಟಿಲ ದಾರಿಯಲ್ಲಿ ಇಳಿಯುವಾಗ ಸದ್ದು ಬರುವುದು ಮಂಡಿಚಿಪ್ಪಿನಿಂದ ಮಾತ್ರ. ಆ ಸದ್ದಿಗೂ, ಯೋಚಿಸಿದರೆ, ಮೇಸ್ತ್ರಿಯ ಕಾರಣವೇ ಸಲ್ಲುತ್ತದೆ.

ಈ ಹುಕ್‌ನ ಕೀಲಿಗೆ ಒಂದು ಚೇಷ್ಟೆಯಿದೆ. ಓರೆಯಲ್ಲಿ ತಿರುಗುವಾಗ ಒಂದೇ ಕೀಲಿದ್ದರೆ ಆಚೆಯ ಶಾಫ್ಟು ಸಮನಾಗಿ ತಿರುಗುವುದಿಲ್ಲ, ಸುತ್ತಿಗೆರಡು ಸಲ ಮುಂದೋಡಿ ಎರಡು ಸಲ ಹಿಂದುಳಿಯುತ್ತದೆ. ಆ ತಪ್ಪನ್ನು ಸರಿಪಡಿಸಲು ಇನ್ನೊಂದು ಕೀಲನ್ನು ಮೊದಲನೆಯದಕ್ಕೆ ಸರಿಯಾದ ನೇರದಲ್ಲಿ ಕೂರಿಸಿ ಒಂದರ ಚೇಷ್ಟೆಯನ್ನು ಇನ್ನೊಂದರಿಂದ ಅಡಗಿಸುತ್ತಾರೆ. ಶಾಫ್ಟು ಬಿಚ್ಚಿ ಹಾಕುವಾಗ ನೇರ ತಪ್ಪಿದರೆ ಹೊಸ ಕ್ರಾಸು ಹಾಕಿಯೂ ಗಾಡಿ ನಡುಗುತ್ತದೆ. ಮೇಸ್ತ್ರಿ ಬಿಚ್ಚುವ ಮುಂಚೆ ಶಾಫ್ಟಿನ ಮೇಲಿನ ಕೊಳೆ ಕೆರೆದು ಬಾಣದ ಗುರುತು ಹುಡುಕಿದರು, ಅದರ ಪಕ್ಕ ಸೀಮೆಸುಣ್ಣದಲ್ಲಿ ತಮ್ಮದೂ ಒಂದು ಗೆರೆ ಎಳೆದರು. ಆ ಗೆರೆ ಎಳೆಯುವಾಗ ಟೀ ತಂದ ಹುಡುಗನನ್ನೂ ಮಾತಾಡಿಸಲಿಲ್ಲ.

ಡ್ರಮ್ಮುಗಳು ಲೇತಿಗೆ ಹೋ‌ಗಿ ದುಂಡಗಾಗಿ ಬಂದವು. ಲೈನರು ಹೊಸದಾಯಿತು, ಫೋನಿನಲ್ಲಿ ತೀರ್ಪು ಕೊಟ್ಟಿದ್ದವನು ‘ನಾನು ಅವತ್ತೇ ಹೇಳಲಿಲ್ಲವಾ’ ಎಂದು ಮತ್ತೆ ಫೋನು ಮಾಡಿದ. ಕ್ರಾಸು, ಸೆಂಟರ್ ಬೇರಿಂಗು ಎರಡೂ ಬದಲಾದವು. ಆಷಾಢದ ಮೊದಲ ಗುರುವಾರ ಮೂಟೆಗಳನ್ನೆಲ್ಲ ಇಳಿಸಿ ಬೆಟ್ಟದಿಂದ ವಾಪಸು ಬರುವಾಗ ನಾನೂ ಜೊತೆಗಿದ್ದೆ. ಆಕ್ಸಿಲರೇಟರ್ ಬಿಟ್ಟರೆ ಟಕ್ ಇಲ್ಲ, ಗುಂ ಇಲ್ಲ. ಬ್ರೇಕ್ ಹಿಡಿದರೆ ಕಾಲು ಕುಣಿಯುವುದಿಲ್ಲ. ನಾನೂ ಭಾವಮೈದನೂ ಕೃತಾರ್ಥರಾಗಿ ನಕ್ಕೆವು.

“ಕಿರ್ ಹಂಗೇ ಐತಲ್ಲಣ್ಣ” ಎಂದ ಹುಡುಗ.

ಅವನ ಕಿರ್ ಯಾರ ಲೆಕ್ಕಕ್ಕೂ ಬಂದಿರಲಿಲ್ಲ. ಕೇಳಿಸುತ್ತಿದ್ದವನು ಅವನೊಬ್ಬನೇ, ಅವನು ಕ್ಲೀನರು. ಮತ್ತೆ ಶೆಡ್ಡಿಗೆ ಹೋದಾಗ ಮೇಸ್ತ್ರಿ ಹುಡುಗನನ್ನೇ ಕರೆದು ಎಲ್ಲಿ, ಯಾವಾಗ ಎಂದು ಮರ್ಯಾದೆಯಿಂದ ಕೇಳಿದರು. ಹಂಪಿಗೆ ನಿಧಾನ ಮಾಡಿದಾಗ, ಎಡಗಡೆ ಹಿಂದೆ ಎಂದ ಅವನು. ಕಮಾನ್ ಪಟ್ಟಿಯ ಷ್ಯಾಕಲ್ ಬುಶ್ಶು. ಕಮಾನಿನವನು ಮೊದಲೇ ಹೇಳಿದ್ದ ಬುಶ್ಶೇ! ಊರ ವೈದ್ಯರಲ್ಲಿ ಇಬ್ಬರು ಒಂದೊಂದು ಪಾಲು ಸರಿಯಾಗಿದ್ದಂತಾಯಿತು; ಉಳಿದವರು ಟೈರಿನವನು, ನಮ್ಮ ಅತ್ತೆ, ಭೂಮಿ ನಡುಗಿಸಿದ ಮೇಷ್ಟರು.

ಬುಶ್ಶು ಹಾಕಿಸಲು ಭಾವಮೈದ ಮಾತ್ರ ಒಪ್ಪುತ್ತಿಲ್ಲ. ಬೆಟ್ಟದ ಮೇಲೆ ಅವನು ಸಾಮಾನು ಹಾಕುವ ಅಡುಗೆಮನೆಯ ಹೆಂಗಸರು ಎಲ್ಲ ಅವನಿಗಿಂತ ಚಿಕ್ಕವರು, ಕಿವಿ ಚುರುಕು. ಲಾರಿ ಹಂಪಿಗೆ ನಿಧಾನಿಸುವ ಕಿರ್ ಕೇಳಿದೊಡನೆ ಅವನಿಗೆ ಕಾಫಿಗಿಡುತ್ತಾರಂತೆ.

“ಸದ್ದು ಹೋದರೆ ಕಾಫಿ ಹೋಗುತ್ತೆ ಭಾವ.”

“ಪೂರಾ ಸವೆದ್ರೆ ಪಟ್ಟಿ ಕಟ್ಟಾಗುತ್ತೆ” ಎಂದರು ಮೇಸ್ತ್ರಿ.

ಕೊನೆಗೆ ರಾಜಿಯಾಯಿತು. ಆಷಾಢ ಮುಗಿದ ಮೇಲೆ ಹಾಕಿಸುವುದೆಂದು ಬುಶ್ಶನ್ನು ಈಗಲೇ ಕೊಂಡು, ಪೊಟ್ಟಣ ಕಟ್ಟಿ ಡ್ಯಾಶ್‌ಬೋರ್ಡಿನ ಗೂಡಿನಲ್ಲಿಟ್ಟುಕೊಂಡ. ನಿನ್ನೆ ಬೆಳಿಗ್ಗೆ ಜಗಲಿಗೆ ಬಂದು, ಕಾಫಿ ಲೋಟ ಕೆಳಗಿಟ್ಟು, ಇಳಿಯುವಾಗ ಮುಂದುಗಡೆ ಏನೋ ಕಟಕಟ ಅನ್ನುತ್ತಿದೆ ಎಂದ. ಗೂಡಿನ ಬಾಗಿಲು ತೆಗೆದು ನೋಡು ಎಂದು ಅವನಕ್ಕ ಒಳಗಿನಿಂದಲೇ ಹೇಳಿದಳು.